ಕೇಸು ಬಿದ್ದುಹೋಯಿತು, ಗಲಾಟೆ ನಿಲ್ಲಲಿಲ್ಲ: ನೀಕ್ಯಾಪ್ ಶೋ ಬೇಕೋ ಬೇಡವೋ ಅಂತ ತೀರ್ಮಾನಿಸೋರು ಯಾರು?

2025ರ ಸೆಪ್ಟೆಂಬರ್ 26ರಂದು ಲಂಡನ್ನಿನ ವುಲಿಚ್ ಕೋರ್ಟಿನಲ್ಲಿ ಒಂದು ಭಯೋತ್ಪಾದನೆ ಕೇಸು ಬಿದ್ದುಹೋಯಿತು. ಆರೋಪಿ ಒಬ್ಬ ರ‍್ಯಾಪರ್. ಉತ್ತರ ಐರ್ಲೆಂಡಿನ ನೀಕ್ಯಾಪ್ ತಂಡದ ಲಿಯಮ್ ಓಗ್ ಓ ಹ್ಯಾನಿ. ವೇದಿಕೆ ಮೇಲೆ ಹೆಸರು ಮೋ ಖಾರಾ. ಅಂದರೆ ಐರಿಶ್ ಭಾಷೆಯಲ್ಲಿ 'ನನ್ನ ಗೆಳೆಯ'. ನಿಷೇಧಿತ ಸಂಘಟನೆಯೊಂದರ ಬಾವುಟವನ್ನು ಶೋನಲ್ಲಿ ತೋರಿಸಿದರು ಅನ್ನೋದು ಆರೋಪ. ಕೋರ್ಟಿನ ಹೊರಗೆ ಅಭಿಮಾನಿಗಳು ಸಂಭ್ರಮಪಟ್ಟರು.

ಸರಿ, ಗೆದ್ದರಲ್ಲ, ಮುಗೀತು ಅನ್ನೋ ಹಾಗಿಲ್ಲ. ಇದಕ್ಕೆ ಒಂದು ವಾರ ಮೊದಲಷ್ಟೇ ಕೆನಡಾ ಸರ್ಕಾರದ ಕಡೆಯಿಂದ ಇದೇ ತಂಡಕ್ಕೆ ಪ್ರವೇಶ ಇಲ್ಲ ಎಂಬ ಘೋಷಣೆ ಬಂದಿತ್ತು. ಜುಲೈನಲ್ಲಿ ಹಂಗೇರಿ ಮೂರು ವರ್ಷ ನಿಷೇಧ ಹಾಕಿತ್ತು. ಸ್ಕಾಟ್ಲೆಂಡ್, ಜರ್ಮನಿಯ ಉತ್ಸವಗಳ ಪಟ್ಟಿಯಿಂದ ಹೆಸರು ಹೋಗಿತ್ತು. ಈ ಕೇಸು ನಡೆಯುತ್ತಿರುವಾಗಲೇ ಬ್ರಿಟನ್ನಿನ ಅತಿ ದೊಡ್ಡ ಸಂಗೀತೋತ್ಸವವಾದ ಗ್ಲಾಸ್ಟನ್‌ಬರಿಯಲ್ಲಿ ಅವರು ಹಾಡಿಯೂ ಆಗಿತ್ತು.

ಹಾಗಾದರೆ ಇವರು ತಪ್ಪು ಮಾಡಿದ್ದಾರಾ, ಇಲ್ವಾ? ಕೋರ್ಟು ಬಿಟ್ಟರೂ ದೇಶಗಳು ಯಾಕೆ ಬಿಡ್ತಿಲ್ಲ? ಪ್ರತಿ ಶೋಗೆ ಮೊದಲು ಅಭಿಮಾನಿಗಳು ಇದನ್ನೇ ಜಗಳ ಆಡುತ್ತಾರೆ. ಆದರೆ ಅವರು 'ಆಡಿದ ಮಾತು ಸರಿಯಾ ತಪ್ಪಾ' ಅಂತ ವಾದ ಮಾಡುತ್ತಿರುವಾಗ, ಶೋ ನಡೆಯುತ್ತೋ ಇಲ್ವೋ ಅನ್ನೋ ತೀರ್ಮಾನ ಬೇರೆ ಕಡೆ ಆಗಿಹೋಗಿರುತ್ತೆ. ಅಲ್ಲಿ ಮಾತಿನ ಸರಿ-ತಪ್ಪು ಅಷ್ಟೇನೂ ಮುಖ್ಯ ಅಲ್ಲ. ಈ ಗೊಂದಲದ ಮೂಲ ಅಲ್ಲಿದೆ.

ಬಸ್ ಸ್ಟಾಪಿನ ಮೇಲೆ ಬರೆದ ಒಂದು ಪದ

ತಂಡದಲ್ಲಿ ಮೂವರು. ಮೋ ಖಾರಾ, ಮೋಗ್ಲೀ ಬ್ಯಾಪ್ ಮತ್ತು ಡಿಜೆ ಪ್ರೋವೀ. ಮೂರನೆಯವರು ಶಾಲಾ ಮೇಷ್ಟ್ರಾಗಿದ್ದವರು. ಐರ್ಲೆಂಡಿನ ಬಾವುಟದ ಹಸಿರು, ಬಿಳಿ, ಕಿತ್ತಳೆ ಬಣ್ಣದ ಉಣ್ಣೆ ಮುಸುಕು ಹಾಕಿಕೊಂಡೇ ವೇದಿಕೆಗೆ ಬರುತ್ತಾರೆ.

ಇವರ ಮೊದಲ ಹಾಡು ಬಂದಿದ್ದು 2017ರಲ್ಲಿ. ಅದರ ಹಿಂದಿನ ಕತೆಯನ್ನು ತಂಡವೇ ಹೇಳಿಕೊಂಡಿದೆ. ಐರಿಶ್ ಭಾಷೆಗೆ ಕಾನೂನಿನ ಮಾನ್ಯತೆ ಬೇಕು ಅಂತ ಬೆಲ್‌ಫಾಸ್ಟಿನಲ್ಲಿ ಮೆರವಣಿಗೆ ಇತ್ತು. ಹಿಂದಿನ ದಿನ ಮೋಗ್ಲೀ ಬ್ಯಾಪ್ ಮತ್ತು ಒಬ್ಬ ಗೆಳೆಯ ಬಸ್ ಸ್ಟಾಪಿನ ಮೇಲೆ ಸ್ಪ್ರೇ ಪೇಂಟಿನಲ್ಲಿ 'ಹಕ್ಕುಗಳು' ಅನ್ನೋ ಅರ್ಥದ ಐರಿಶ್ ಪದ ಬರೆಯುತ್ತಿದ್ದರು. ಪೊಲೀಸರು ಬಂದರು. ಗೆಳೆಯ ಸಿಕ್ಕಿಬಿದ್ದ. ಠಾಣೆಯಲ್ಲಿ ಅವನು ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ. ಏನು ಕೇಳಿದರೂ ಐರಿಶ್‌ನಲ್ಲೇ ಉತ್ತರ. ರಾತ್ರಿಯೆಲ್ಲಾ ಲಾಕಪ್ಪಿನಲ್ಲಿ ಕಳೆದ. ಆ ಪದವೇ ಹಾಡಿನ ಹೆಸರಾಯಿತು.

ತಮಾಷೆ ಅಂದ್ರೆ, ಆ ಹಾಡನ್ನು ಮೊದಲು ಪ್ರಸಾರದಿಂದ ತೆಗೆದಿದ್ದು ಇಂಗ್ಲಿಷಿನವರಲ್ಲ, ಐರಿಶ್ ಭಾಷೆಗೆಂದೇ ಇರುವ ರೇಡಿಯೊ. ಕಾರಣ, ಹಾಡಿನ ತುಂಬ ಡ್ರಗ್ಸ್ ಮತ್ತು ಬೈಗುಳ. ಭಾಷೆ ಅಂದರೆ ಅಜ್ಜ-ಅಜ್ಜಿಯ ಪದ, ಹಳ್ಳಿಯ ದನಕರು, ಮಳೆ, ಸಮುದ್ರ ಅಂದುಕೊಂಡಿದ್ದವರಿಗೆ ಇದು ಕಪಾಳಕ್ಕೆ ಹೊಡೆದ ಹಾಗಿತ್ತು. ಚಿಕ್ಕ ಹುಡುಗರಿಗೆ ಮಾತ್ರ ಖುಷಿಯೋ ಖುಷಿ. ತಾವು ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಮೊದಲ ಸಲ ತಮ್ಮ ರಾತ್ರಿಗಳ ಬಗ್ಗೆ ಯಾರೋ ಹಾಡ್ತಿದ್ದಾರೆ!

ಉತ್ತರ ಐರ್ಲೆಂಡಿನ 2021ರ ಜನಗಣತಿ ಪ್ರಕಾರ ಸ್ವಲ್ಪವಾದರೂ ಐರಿಶ್ ಬಲ್ಲವರು ಶೇ. 12.4. ಭಾಷೆಗೆ ಅಧಿಕೃತ ಮಾನ್ಯತೆ ಕೊಟ್ಟ ಕಾನೂನು ಬಂದಿದ್ದು 2022ರಲ್ಲಿ. ಇಂಥ ಊರಲ್ಲಿ ಐರಿಶ್‌ನಲ್ಲಿ ರ‍್ಯಾಪ್ ಮಾಡೋದು ಅಂದರೆ ಹಾಡಿನಲ್ಲಿ ಏನೇ ಇರಲಿ, ಅದು ರಾಜಕೀಯವೇ. ನಾಡು, ನುಡಿ ಅಂತ ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಹೆಸರು. ನೀಕ್ಯಾಪ್ ಅಂದರೆ ಮಂಡಿಚಿಪ್ಪು. ಸುಮಾರು 3,500 ಜನರನ್ನು ಬಲಿ ತೆಗೆದುಕೊಂಡ ಉತ್ತರ ಐರ್ಲೆಂಡಿನ ಸಂಘರ್ಷದ ಕಾಲದಲ್ಲಿ ಸಶಸ್ತ್ರ ಗುಂಪುಗಳು ತಮ್ಮ ಬೀದಿಯ ಕಳ್ಳರಿಗೆ, ಡ್ರಗ್ಸ್ ಮಾರುವವರಿಗೆ ಮಂಡಿಗೆ ಗುಂಡು ಹೊಡೆಯುತ್ತಿದ್ದವು. ಡ್ರಗ್ಸ್ ಬಗ್ಗೆ ಹಾಡುವ ಹುಡುಗರು ಆ ಶಿಕ್ಷೆಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಕೆಲವರಿಗೆ ಇದು ಚೂಪಾದ ವ್ಯಂಗ್ಯ. ಆ ಕಾಲದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ನಗು ಬರೋ ವಿಷಯ ಅಲ್ಲ. ಈಗಿನ ಜಗಳದ ಬೀಜ ಈ ಹೆಸರಿನಲ್ಲೇ ಇದೆ. ಇವರು ಪಾತ್ರ ಮಾಡ್ತಿದ್ದಾರಾ, ನಿಜವಾಗಿ ಹೇಳ್ತಿದ್ದಾರಾ?

ಮೂರು ವಿಡಿಯೊ, ಮೂರು ಬೇರೆ ಮಾತು

2025ರ ಏಪ್ರಿಲ್‌ವರೆಗೆ ಇವರು ಹೆಚ್ಚುಕಡಿಮೆ ಮುದ್ದಿನ ತಂಡ. ತಮ್ಮದೇ ಕತೆಯ ಸಿನಿಮಾದಲ್ಲಿ ತಾವೇ ನಟಿಸಿ ಪ್ರಶಸ್ತಿಗಳ ಸುತ್ತ ಓಡಾಡುತ್ತಿದ್ದರು. ಆಮೇಲೆ ಅಮೆರಿಕದ ಕೋಚೆಲ್ಲಾ ಉತ್ಸವದ ಪರದೆ ಮೇಲೆ ಅವರು ಹಾಕಿದ ಸಾಲುಗಳು ಎಲ್ಲವನ್ನೂ ತಿರುಗಿಸಿದವು. ಇಸ್ರೇಲ್ ಪ್ಯಾಲೆಸ್ಟೀನ್ ಜನರ ನರಮೇಧ ಮಾಡುತ್ತಿದೆ, ಅಮೆರಿಕ ಅದಕ್ಕೆ ಹಣ ಮತ್ತು ಶಸ್ತ್ರ ಕೊಡುತ್ತಿದೆ ಎಂಬ ಸಾಲುಗಳ ಜೊತೆ ಇಸ್ರೇಲಿಗೆ ಒಂದು ಬೈಗುಳ ಕೂಡ ಇತ್ತು. ಅವರ ವೀಸಾ ರದ್ದು ಮಾಡಿ ಎಂದು ಕೇಳಿದವರಲ್ಲಿ ಟಿವಿ ತಾರೆ ಶರನ್ ಆಸ್ಬೋರ್ನ್ ಕೂಡ ಇದ್ದರು.

ಗಲಾಟೆ ಶುರುವಾದ ಮೇಲೆ ಜನ ಹಳೇ ವಿಡಿಯೊಗಳನ್ನು ಕೆದಕಿದರು. ಎರಡು ಸಿಕ್ಕವು.

ಒಂದು, 2023ರ ನವೆಂಬರಿನ ಶೋ. ಅದರಲ್ಲಿ ಕನ್ಸರ್ವೇಟಿವ್ ಪಕ್ಷದವರು ಸತ್ತರೇ ಒಳ್ಳೆಯವರು, ನಿಮ್ಮ ಊರಿನ ಸಂಸದನನ್ನು ಕೊಲ್ಲಿ ಅನ್ನೋ ಅರ್ಥದ ಮಾತಿದೆ. ಬ್ರಿಟನ್ನಿನಲ್ಲಿ ಇದು ಬರೀ ಮಾತಾಗಿ ಕೇಳಿಸೋದಿಲ್ಲ. 2016ರಲ್ಲಿ ಜೋ ಕಾಕ್ಸ್, 2021ರಲ್ಲಿ ಡೇವಿಡ್ ಏಮಿಸ್ ಎಂಬ ಇಬ್ಬರು ಸಂಸದರನ್ನು ನಿಜವಾಗಿಯೂ ಕೊಂದಿದ್ದಾರೆ. ಇಬ್ಬರೂ ತಮ್ಮ ಕ್ಷೇತ್ರದ ಜನರನ್ನು ಭೇಟಿ ಮಾಡುವ ಕೆಲಸದಲ್ಲಿದ್ದಾಗಲೇ ಸತ್ತರು.

ಇನ್ನೊಂದು, 2024ರ ನವೆಂಬರ್ 21ರ ಲಂಡನ್ ಶೋ. ಅಲ್ಲಿ ಗಾಜಾದ ಹಮಾಸ್ ಮತ್ತು ಲೆಬನಾನಿನ ಹಿಜ್ಬುಲ್ಲಾ ಎಂಬ ಸಶಸ್ತ್ರ ಸಂಘಟನೆಗಳಿಗೆ ಜೈ ಅನ್ನೋ ಕೂಗು ಕೇಳಿಸುತ್ತದೆ. ಹಿಜ್ಬುಲ್ಲಾ ಬಾವುಟವೂ ಕಾಣಿಸುತ್ತದೆ. ಬ್ರಿಟನ್ನಿನಲ್ಲಿ ಹಿಜ್ಬುಲ್ಲಾ ಪೂರ್ತಿಯಾಗಿ ನಿಷೇಧವಾಗಿದ್ದು 2019ರಲ್ಲಿ, ಹಮಾಸ್ 2021ರಲ್ಲಿ.

ತಂಡ ಏಪ್ರಿಲ್ ಕೊನೆಯಲ್ಲಿ ಹೇಳಿಕೆ ಕೊಟ್ಟಿತು. ನಾವು ಹಮಾಸನ್ನೋ ಹಿಜ್ಬುಲ್ಲಾವನ್ನೋ ಯಾವತ್ತೂ ಬೆಂಬಲಿಸಿಲ್ಲ, ಹಳೇ ತುಣುಕುಗಳನ್ನು ಸಂದರ್ಭ ಬಿಟ್ಟು ಎತ್ತಿದ್ದಾರೆ, ಗಾಜಾ ಬಗ್ಗೆ ಮಾತಾಡಿದ್ದಕ್ಕೆ ಈ ಬೇಟೆ ಎಂದಿತು. ಕಾಕ್ಸ್ ಮತ್ತು ಏಮಿಸ್ ಕುಟುಂಬಗಳ ಕ್ಷಮೆ ಕೇಳಿತು. ಆ ಕುಟುಂಬಗಳ ಕಡೆಯಿಂದ ಬಂದ ಉತ್ತರ, ಇದು ಪೂರ್ತಿ ಮನಸ್ಸಿನ ಕ್ಷಮೆ ಅಲ್ಲ ಅಂತ. ಕ್ಷಮೆಯ ಹೇಳಿಕೆಯಲ್ಲೇ 'ನಮ್ಮ ಮೇಲೆ ಸಂಚು' ಎಂದು ಸೇರಿಸಿದರೆ ಬೇರೆ ಏನಾಗುತ್ತೆ, ಅಲ್ವಾ?

ಈ ಮೂರನ್ನೂ ಒಂದೇ ಪೊಟ್ಟಣ ಕಟ್ಟಿದ್ದೇ ದೊಡ್ಡ ಎಡವಟ್ಟು. ಒಂದು ದೇಶದ ಯುದ್ಧವನ್ನು ಟೀಕಿಸಿದ್ದು, ಸಂಸದರನ್ನು ಕೊಲ್ಲಿ ಎಂದದ್ದು, ನಿಷೇಧಿತ ಸಂಘಟನೆಯ ಬಾವುಟ ತೋರಿಸಿದ್ದು ಬೇರೆ ಬೇರೆ. ಮೊದಲನೆಯದು ಅಪರಾಧವೇ ಅಲ್ಲ. ಎರಡನೆಯದನ್ನು ಪೊಲೀಸರು ತನಿಖೆ ಮಾಡಿದರೂ ಆರೋಪ ಹೊರಿಸಲಿಲ್ಲ. ಕೇಸು ಹಾಕಿದ್ದು ಮೂರನೆಯದರ ಮೇಲೆ ಮಾತ್ರ. ಆದರೆ ವಾದ ಮಾಡೋರು ಒಂದಕ್ಕೆ ಉತ್ತರ ಕೇಳಿದರೆ ಇನ್ನೊಂದನ್ನು ಮುಂದೆ ತಳ್ಳುತ್ತಾರೆ. ಬೆಂಬಲಿಗರು ಬಾವುಟದ ಪ್ರಶ್ನೆಗೆ ಗಾಜಾ ಎನ್ನುತ್ತಾರೆ. ವಿರೋಧಿಗಳು ಗಾಜಾ ಅಂದ ತಕ್ಷಣ ಬಾವುಟ ಎನ್ನುತ್ತಾರೆ.

ಅಭಿಮಾನಿಗಳೇ ಒಡೆದ ಜಾಗ

ಹೊರಗಿನಿಂದ ನೋಡಿದರೆ ಇದು ಅಭಿಮಾನಿಗಳು ಮತ್ತು ರಾಜಕಾರಣಿಗಳ ಜಗಳ. ಒಳಗೆ ಅಷ್ಟು ಸಲೀಸಾಗಿಲ್ಲ.

ಒಂದು ಗುಂಪಿಗೆ ಎಲ್ಲವೂ ಪಾತ್ರ. ಹಿಪ್ ಹಾಪ್ ಹುಟ್ಟಿದಾಗಿನಿಂದ ಮಾತು ಉಬ್ಬಿಸೋದು, ಕೆಣಕೋದು ಅದರ ರೂಢಿ. ಮುಸುಕು ಹಾಕಿಕೊಂಡು ಕುಣಿಯುವ ಮೇಷ್ಟ್ರನ್ನು ನೋಡಿ ಯಾರೂ ಬಂದೂಕು ಹಿಡಿಯೋಲ್ಲ ಅನ್ನೋದು ಅವರ ವಾದ. ಬಾವುಟ ಪ್ರೇಕ್ಷಕರು ಎಸೆದದ್ದು ಅಂತ ತಂಡವೂ ಹೇಳಿದೆ.

ಇನ್ನೊಂದು ಗುಂಪು ಗಾಜಾ ವಿಷಯದಲ್ಲಿ ತಂಡದ ಜೊತೆಗಿದೆ. ಗಾಜಾ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ 2025ರ ಜುಲೈ ಮುಗಿಯುವ ಹೊತ್ತಿಗೆ ಸತ್ತವರ ಸಂಖ್ಯೆ 60,000 ದಾಟಿತ್ತು. ಇದರ ಬಗ್ಗೆ ದೊಡ್ಡ ದೊಡ್ಡ ತಾರೆಯರು ಬಾಯಿಗೆ ಬೀಗ ಹಾಕಿಕೊಂಡಿದ್ದಾಗ ಮಾತಾಡಿದವರು ಇವರು ಅನ್ನೋ ಅಭಿಮಾನ ಅವರಿಗಿದೆ. ಆದರೆ ಹಿಜ್ಬುಲ್ಲಾ ಬಾವುಟ ಅವರಿಗೆ ನುಂಗಲಾರದ ತುತ್ತು. ನೀವು ಇಂಥದ್ದು ಮಾಡಿದರೆ ನಮ್ಮ ವಾದವೇ ಹಾಳಾಗುತ್ತೆ ಅನ್ನೋ ಸಿಟ್ಟು ಅವರದು. ಈ ಗುಂಪಿನ ದನಿ ಸುದ್ದಿಯಲ್ಲಿ ಕೇಳಿಸೋದು ಕಮ್ಮಿ. ಎರಡೂ ಕಡೆಯವರಿಗೆ ಬೇಡದ ಮಾತು ಅದು.

ಮೂರನೆಯವರು ಯಹೂದಿ ಸಂಗೀತಪ್ರೇಮಿಗಳು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ಮಾಡಿದ ಜಾಗಗಳಲ್ಲಿ ಒಂದು ನೋವಾ ಎಂಬ ಸಂಗೀತೋತ್ಸವ. ಅಲ್ಲಿ 370ಕ್ಕೂ ಹೆಚ್ಚು ಜನ ಸತ್ತರು. ಕುಣಿಯಲು ಬಂದವರು. ಅದಾಗಿ ಒಂದು ವರ್ಷದ ಮೇಲೆ ಇನ್ನೊಂದು ಸಂಗೀತದ ವೇದಿಕೆಯಲ್ಲಿ ಹಮಾಸಿಗೆ ಜೈ ಅನ್ನೋದು ಕೇಳಿಸಿದರೆ, 'ಪಾತ್ರ' ಅನ್ನೋ ವಿವರಣೆ ಅವರ ಮನಸ್ಸಿಗೆ ಇಳಿಯೋದು ಕಷ್ಟ. ಕೋಚೆಲ್ಲಾ ಆದ ಮೇಲೆ ನೋವಾದಲ್ಲಿ ಬದುಕುಳಿದವರ ಸಮುದಾಯ, ಬಂದು ನಮ್ಮ ನೆನಪಿನ ಪ್ರದರ್ಶನ ನೋಡಿ ಅಂತ ತಂಡವನ್ನು ಕರೆಯಿತು. ಈ ಇಡೀ ಗಲಾಟೆಯಲ್ಲಿ ಕೂಗಾಡದೆ ಮಾಡಿದ ಕೆಲವೇ ಕೆಲಸಗಳಲ್ಲಿ ಅದೊಂದು.

ಗ್ಲಾಸ್ಟನ್‌ಬರಿ: ಕಾದಿದ್ದು ಒಂದು ಬಾಗಿಲು, ಬಂದಿದ್ದು ಇನ್ನೊಂದರಲ್ಲಿ

2025ರ ಜೂನ್ 28ರ ಶನಿವಾರ, ಗ್ಲಾಸ್ಟನ್‌ಬರಿಯ ವೆಸ್ಟ್ ಹೋಲ್ಟ್ಸ್ ವೇದಿಕೆ. ಅದಕ್ಕೂ ಹತ್ತು ದಿನ ಮೊದಲು ಮೋ ಖಾರಾ ವೆಸ್ಟ್‌ಮಿನ್‌ಸ್ಟರ್ ಕೋರ್ಟಿಗೆ ಬಂದು ಜಾಮೀನು ಪಡೆದಿದ್ದರು. ಅವರು ಗ್ಲಾಸ್ಟನ್‌ಬರಿಯಲ್ಲಿ ಹಾಡೋದು ಸರಿಯಲ್ಲ ಎಂದು ಪ್ರಧಾನಿ ಕಿಯರ್ ಸ್ಟಾರ್ಮರ್ ಹೇಳಿದರು. ವಿರೋಧ ಪಕ್ಷದ ನಾಯಕಿ ಕೆಮಿ ಬೇಡೆನಾಕ್, ಬಿಬಿಸಿ ಅವರನ್ನು ತೋರಿಸಲೇಬಾರದು ಎಂದರು.

ಸಂಘಟಕರು ಮಣಿಯಲಿಲ್ಲ. ಉತ್ಸವ ಎಲ್ಲರಿಗೂ ಸೇರಿದ್ದು ಎಂದರು. ಬಿಬಿಸಿ ಒಂದು ಮಧ್ಯದ ದಾರಿ ಹಿಡಿಯಿತು. ನೀಕ್ಯಾಪ್ ಶೋ ಲೈವ್ ಇಲ್ಲ, ಆಮೇಲೆ ನೋಡಿ ಹಾಕೋಣ ಅಂತ.

ಆಗ ಆಗಿದ್ದೇನು? ಅದೇ ವೇದಿಕೆಯಲ್ಲಿ ನೀಕ್ಯಾಪ್‌ಗಿಂತ ಮೊದಲು ಬಾಬ್ ವಿಲನ್ ಎಂಬ ಪಂಕ್-ರ‍್ಯಾಪ್ ಜೋಡಿಯ ಸರದಿ. ಅವರದು ಲೈವ್ ಹೋಗುತ್ತಿತ್ತು. ಇಸ್ರೇಲ್ ಸೇನೆಗೆ ಸಾವು ಬರಲಿ ಅನ್ನೋ ಕೂಗನ್ನು ಅವರು ಜನರಿಂದ ಹಾಕಿಸಿದರು. ಬಿಬಿಸಿ ಮೂಲಕ ಅದು ಮನೆಮನೆಗೆ ನೇರ ಹೋಯಿತು. ಎಲ್ಲರೂ ಒಬ್ಬನ ಮೇಲೆ ಕಣ್ಣಿಟ್ಟು ಕೂತಿದ್ದಾಗ ಪಕ್ಕದವನು ಗೋಲು ಹೊಡೆದ ಹಾಗಾಯಿತು.

ನೀಕ್ಯಾಪ್ ಶೋ ಕೂಡ ಕತ್ತಲಲ್ಲಿ ಉಳಿಯಲಿಲ್ಲ. ಜನ ಜಾಸ್ತಿಯಾಗಿ ಆ ವೇದಿಕೆಯ ಜಾಗಕ್ಕೆ ಪ್ರವೇಶ ನಿಲ್ಲಿಸಬೇಕಾಯಿತು. ಜನರ ನಡುವೆ ನಿಂತಿದ್ದ ವೇಲ್ಸ್‌ನ ಒಬ್ಬ ಮಹಿಳೆ ಮೊಬೈಲು ಎತ್ತಿ ಹಿಡಿದು ಟಿಕ್‌ಟಾಕ್‌ನಲ್ಲಿ ಇಡೀ ಶೋ ಲೈವ್ ಮಾಡಿದರು. ಸುಮಾರು ಇಪ್ಪತ್ತು ಲಕ್ಷ ಲೈಕ್ ಬಿದ್ದವು. ದೇಶದ ಅತಿ ದೊಡ್ಡ ಪ್ರಸಾರ ಸಂಸ್ಥೆ ಕ್ಯಾಮೆರಾ ಮುಚ್ಚಿದ ಜಾಗದಲ್ಲಿ ಒಂದು ಮೊಬೈಲು ಸಾಕಾಯಿತು!

ಇದರ ಪರಿಣಾಮ ಮಾತ್ರ ತಮಾಷೆಯಲ್ಲ. ಬಾಬ್ ವಿಲನ್ ಜೋಡಿಯ ವೀಸಾವನ್ನು ಅಮೆರಿಕ ಎರಡೇ ದಿನದಲ್ಲಿ ರದ್ದು ಮಾಡಿತು. ಆ ಕೂಗು ಮಿತಿ ಮೀರಿತು ಎಂದು ಗ್ಲಾಸ್ಟನ್‌ಬರಿಯವರೇ ಖಂಡಿಸಿದರು. ಲೈವ್ ನಿಲ್ಲಿಸಬೇಕಿತ್ತು ಎಂದು ಬಿಬಿಸಿ ವಿಷಾದಿಸಿ, ಇನ್ನು ಮೇಲೆ 'ಹೆಚ್ಚು ಅಪಾಯ'ದ ಕಲಾವಿದರ ಶೋ ಲೈವ್ ಇಲ್ಲ ಎಂದಿತು. ಸ್ಥಳೀಯ ಪೊಲೀಸರು ಎರಡೂ ಶೋಗಳ ತನಿಖೆ ಶುರು ಮಾಡಿದರು. ನೀಕ್ಯಾಪ್ ಮೇಲಿನದನ್ನು ಜುಲೈನಲ್ಲಿ, ಬಾಬ್ ವಿಲನ್ ಮೇಲಿನದನ್ನು ಡಿಸೆಂಬರಿನಲ್ಲಿ ಕೈಬಿಟ್ಟರು. ಸಾಕಷ್ಟು ಸಾಕ್ಷ್ಯ ಇಲ್ಲ ಎಂಬ ಕಾರಣಕ್ಕೆ.

ಈ ಅವಧಿಯನ್ನು ಗಮನಿಸಿ. ವೀಸಾ ಹೋಗಲು ಎರಡು ದಿನ. ಅಪರಾಧ ಸಾಬೀತು ಮಾಡೋಕಾಗಲ್ಲ ಅಂತ ಗೊತ್ತಾಗಲು ಆರು ತಿಂಗಳು.

ಒಂದೇ ದಿನ ತಡ

ಈಗ ಎಲ್ಲರಿಗೂ ತಲೆಕೆಡಿಸಿದ ಕೋರ್ಟಿನ ವಿಷಯ. ಕೇಸು ಬಿದ್ದುಹೋಯಿತು ಅಂದ ಕೂಡಲೇ ಒಂದು ಕಡೆಯವರು 'ನಿರಪರಾಧಿ' ಎಂದರು. ಇನ್ನೊಂದು ಕಡೆಯವರು 'ಟೆಕ್ನಿಕಲ್ ಕಾರಣ ಹೇಳಿ ತಪ್ಪಿಸಿಕೊಂಡ' ಎಂದರು. ಎರಡೂ ಪೂರ್ತಿ ಸರಿಯಲ್ಲ.

ಬ್ರಿಟನ್ನಿನ 2000ದ ಭಯೋತ್ಪಾದನೆ ಕಾಯ್ದೆಯಲ್ಲಿ 13ನೇ ಸೆಕ್ಷನ್ ಇದೆ. ನಿಷೇಧಿತ ಸಂಘಟನೆಯ ಬೆಂಬಲಿಗ ಅನ್ನೋ ಅನುಮಾನ ಬರುವ ಹಾಗೆ ಬಟ್ಟೆ ಹಾಕಿದರೆ, ಬಾವುಟ ಹಿಡಿದರೆ ಅಪರಾಧ. ನಿಜವಾಗಿ ಬೆಂಬಲ ಇತ್ತಾ, ಅಂಥ ಅನುಮಾನ ಹುಟ್ಟಿಸೋ ಉದ್ದೇಶ ಇತ್ತಾ ಅಂತ ಸಾಬೀತು ಮಾಡಬೇಕಿಲ್ಲ. ಕುರ್ದಿಶ್ ಸಂಘಟನೆಯೊಂದರ ಬಾವುಟ ಹಿಡಿದವರ ಕೇಸಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರಲ್ಲಿ ಇದನ್ನು ಗಟ್ಟಿ ಮಾಡಿತು. ಹೀಗಾಗಿ ಇಲ್ಲಿ 'ಪಾತ್ರ', 'ವ್ಯಂಗ್ಯ' ಅನ್ನೋ ವಾದಕ್ಕೆ ಜಾಗ ಬಹಳ ಕಮ್ಮಿ. ಅಭಿಮಾನಿಗಳಲ್ಲಿ ಹೆಚ್ಚಿನವರು ಇದನ್ನು ಗಮನಿಸಿದ ಹಾಗಿಲ್ಲ.

ಆದರೆ ಕಾನೂನು ಹಾಕಿದ ಬಲೆ ಇಷ್ಟು ಅಗಲ ಇರೋದರಿಂದ ಶಿಕ್ಷೆ ಚಿಕ್ಕದು. ಗರಿಷ್ಠ ಆರು ತಿಂಗಳು. ತಲೆಬರಹದಲ್ಲಿ 'ಭಯೋತ್ಪಾದನೆ' ಅಂತ ದಪ್ಪ ಅಕ್ಷರ ಬಂದರೂ, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಮುಗಿಯುವ ಕೇಸು ಇದು. ಅಂಥ ಕೇಸುಗಳಿಗೆ ಒಂದು ಗಡುವು ಇದೆ. ಘಟನೆ ನಡೆದ ಆರು ತಿಂಗಳೊಳಗೆ ಶುರು ಆಗಬೇಕು. ಜೊತೆಗೆ ಇನ್ನೊಂದು ಬೀಗ. ಭಯೋತ್ಪಾದನೆ ಕಾಯ್ದೆಯ ಇಂಥ ಕೇಸು ಹಾಕಲು ಮೇಲಿನಿಂದ ಒಪ್ಪಿಗೆ ಬೇಕು. ಬೇರೆ ದೇಶದ ವ್ಯವಹಾರಕ್ಕೆ ಸಂಬಂಧ ಇದ್ದರೆ ಅಟಾರ್ನಿ ಜನರಲ್ ಕೂಡ ಒಪ್ಪಬೇಕು. ಪೊಲೀಸರು ತಮಗೆ ಸಿಟ್ಟು ಬಂದ ಹಾಗೆ ಈ ಅಸ್ತ್ರ ಬಳಸಬಾರದು ಅಂತಲೇ ಇಟ್ಟ ಬೀಗ ಅದು.

ಶೋ ನಡೆದದ್ದು 2024ರ ನವೆಂಬರ್ 21. ಆರು ತಿಂಗಳು ಮುಗಿಯೋದು 2025ರ ಮೇ 21. ಆರೋಪ ಹೊರಿಸಿದ್ದು ಸರಿಯಾಗಿ ಮೇ 21. ಆದರೆ ಅಟಾರ್ನಿ ಜನರಲ್ ಒಪ್ಪಿಗೆ ಸಿಕ್ಕಿದ್ದು ಮೇ 22. ಮೊದಲ ವಿಚಾರಣೆಯೊಳಗೆ ಒಪ್ಪಿಗೆ ಬಂದರೆ ಸಾಕಲ್ಲ ಅಂತ ಸರ್ಕಾರಿ ವಕೀಲರು ವಾದಿಸಿದರು. ಮುಖ್ಯ ಮ್ಯಾಜಿಸ್ಟ್ರೇಟ್ ಪಾಲ್ ಗೋಲ್ಡ್‌ಸ್ಪ್ರಿಂಗ್ ಒಪ್ಪಲಿಲ್ಲ. ಒಪ್ಪಿಗೆ ಇಲ್ಲದೆ ಹೊರಿಸಿದ ಆರೋಪ ಆರೋಪವೇ ಅಲ್ಲ, ಒಪ್ಪಿಗೆ ಬರೋ ಹೊತ್ತಿಗೆ ಗಡುವು ಮುಗಿದಿತ್ತು, ಹಾಗಾಗಿ ಈ ಕೇಸು ನೋಡುವ ಅಧಿಕಾರವೇ ತಮಗಿಲ್ಲ ಎಂದರು. ಸರ್ಕಾರಿ ವಕೀಲರು ಇದರ ಮೇಲೆ ಹೈಕೋರ್ಟಿಗೆ ಹೋದರು.

ಅಂದರೆ ಆ ದಿನ ಮ್ಯಾಜಿಸ್ಟ್ರೇಟ್ ಬಾವುಟ ಹಿಡಿದದ್ದು ಸರಿ ಎನ್ನಲಿಲ್ಲ. ತಪ್ಪು ಅಂತಲೂ ಹೇಳಲಿಲ್ಲ. ಬಾವುಟದ ವಿಷಯಕ್ಕೆ ಬರುವ ಮೊದಲೇ ಕೇಸು ಮುಗಿಯಿತು. ನಾನು ಇದನ್ನು 'ತಪ್ಪಿಸಿಕೊಂಡದ್ದು' ಅನ್ನೋಲ್ಲ. ಸರ್ಕಾರ ತಾನೇ ಮಾಡಿಕೊಂಡ ನಿಯಮವನ್ನು ಪಾಲಿಸದೆ ಹೋದರೆ ಅದಕ್ಕೆ ಆರೋಪಿ ಏನು ಮಾಡಿಯಾನು? ಆದರೆ 'ನಮ್ಮ ಹುಡುಗ ಏನೂ ಮಾಡಿಲ್ಲ ಅಂತ ಕೋರ್ಟೇ ಹೇಳಿದೆ' ಎನ್ನುವ ಅಭಿಮಾನಿಯ ಪೋಸ್ಟರೂ ಸುಳ್ಳೇ.

ಕೋರ್ಟಿಗೆ ಹೋಗದೆ ನಿಲ್ಲುವ ಶೋಗಳು

ಈ ಪಟ್ಟಿ ನೋಡಿ. ಗ್ಲಾಸ್ಗೋದ ಟ್ರಾನ್ಸ್‌ಮಿಟ್ ಉತ್ಸವ ನೀಕ್ಯಾಪ್ ಹೆಸರು ತೆಗೆದದ್ದು ಪೊಲೀಸರು ಭದ್ರತೆಯ ಆತಂಕ ಹೇಳಿದ ಮೇಲೆ. ಜರ್ಮನಿಯ ಹರಿಕೇನ್ ಮತ್ತು ಸೌತ್‌ಸೈಡ್ ಉತ್ಸವಗಳಿಂದಲೂ ಹೆಸರು ಹೋಯಿತು. ಕಾರ್ನ್‌ವಾಲ್‌ನ ಈಡನ್ ಪ್ರಾಜೆಕ್ಟ್ ಶೋ ರದ್ದಾಯಿತು. ಹಂಗೇರಿಯಲ್ಲಿ ಸಿಗೆಟ್ ಉತ್ಸವಕ್ಕೆ ಕೆಲವೇ ವಾರ ಇರುವಾಗ ಸರ್ಕಾರ ನಿಷೇಧ ಹಾಕಿತು. ಈ ನಿಷೇಧ ಬೇಕಿರಲಿಲ್ಲ ಅಂತ ಸಂಘಟಕರೇ ಬೇಸರ ಹೇಳಿಕೊಂಡರು. ಅಕ್ಟೋಬರಿನ ಅಮೆರಿಕ ಪ್ರವಾಸವನ್ನು ತಂಡವೇ ಕೈಬಿಟ್ಟಿತು, ಲಂಡನ್ ಕೋರ್ಟಿನ ದಿನಾಂಕ ಅದಕ್ಕೆ ತೀರಾ ಹತ್ತಿರ ಬಿದ್ದಿದ್ದರಿಂದ.

ಇವುಗಳಲ್ಲಿ ಒಂದನ್ನಾದರೂ ಕೋರ್ಟು 'ಈ ಮಾತು ಅಪರಾಧ' ಅಂತ ತೀರ್ಪು ಕೊಟ್ಟು ನಿಲ್ಲಿಸಿದ್ದಲ್ಲ.

ಒಂದು ಶೋ ನಡೆಯಬೇಕಾದರೆ ಹತ್ತಾರು ಜನ ಹೂಂ ಅನ್ನಬೇಕು. ಜಾಗದ ಮಾಲೀಕ, ಲೈಸೆನ್ಸ್ ಕೊಡುವ ಸ್ಥಳೀಯ ಆಡಳಿತ, ಪೊಲೀಸು, ವಿಮೆ ಕಂಪನಿ, ಪ್ರಾಯೋಜಕ, ಹೊರದೇಶವಾದರೆ ವೀಸಾ ಕಚೇರಿ. ತಡೆಯೋಕೆ ಇವರಲ್ಲಿ ಒಬ್ಬ ಊಹೂಂ ಅಂದರೆ ಸಾಕು. ಆ ಒಬ್ಬ ಮಾತಿನ ಸರಿ-ತಪ್ಪು ತೂಗಿ ನೋಡಬೇಕಾಗಿಲ್ಲ. ಪೊಲೀಸಿಗೆ ಗಲಾಟೆ ಆದರೆ ಏನು ಗತಿ ಅನ್ನೋದು ಮುಖ್ಯ. ವಿಮೆ ಕಂಪನಿಗೆ ನಷ್ಟ. ಪ್ರಾಯೋಜಕನಿಗೆ ತನ್ನ ಬ್ರ್ಯಾಂಡ್. ಎಲ್ಲಕ್ಕಿಂತ ಸುಲಭದ ಬೀಗ ವೀಸಾ. ಹೊರದೇಶದವನಿಗೆ ಒಳಗೆ ಬರೋ ಹಕ್ಕೇ ಇಲ್ಲ. ಹಾಗಾಗಿ ಸಾಕ್ಷಿ ಬೇಡ, ಗಡುವು ಬೇಡ. ಮಂತ್ರಿ ಒಂದು ವಿಡಿಯೊ ಮಾಡಿ ಹಾಕಿದರೂ ಸುದ್ದಿ ಆಗುತ್ತೆ. ಕೆನಡಾದ ವಿಷಯ ಹೊರಬಿದ್ದಿದ್ದು ಸರ್ಕಾರದ ಒಬ್ಬ ಸಂಸದೀಯ ಕಾರ್ಯದರ್ಶಿಯ ವಿಡಿಯೊದಿಂದಲೇ.

ಕೋರ್ಟಿನವರೆಗೆ ಹೋಗಿ ನಿಂತ ಪ್ರಸಂಗ ಒಂದಿದೆ, ಅದು ಬೇರೆ ಕತೆ ಹೇಳುತ್ತೆ. ಬೇಡೆನಾಕ್ ಮಂತ್ರಿಯಾಗಿದ್ದಾಗ ತಂಡಕ್ಕೆ ಸಿಗಬೇಕಿದ್ದ 14,250 ಪೌಂಡ್ ಸರ್ಕಾರಿ ಅನುದಾನವನ್ನು ತಡೆದಿದ್ದರು. ತಂಡ ಬೆಲ್‌ಫಾಸ್ಟ್ ಹೈಕೋರ್ಟಿಗೆ ಹೋಯಿತು. 2024ರ ನವೆಂಬರಿನಲ್ಲಿ, ಸರ್ಕಾರ ಬದಲಾದ ಮೇಲೆ, ಅಷ್ಟೂ ಹಣ ಕೊಟ್ಟು ರಾಜಿಯಾಯಿತು. ತಂಡ ಅದನ್ನು ಬೆಲ್‌ಫಾಸ್ಟಿನ ಎರಡು ಯುವಜನ ಸಂಸ್ಥೆಗಳಿಗೆ ಹಂಚಿತು. ಕೋರ್ಟಿನಲ್ಲಿ 'ಯಾಕೆ ತಡೆದಿರಿ' ಅಂತ ಕೇಳಿದರೆ ಕಾರಣ ಹೇಳಬೇಕಾಗುತ್ತೆ. ಪೊಲೀಸ್ ಸಲಹೆ, ಪ್ರಾಯೋಜಕರ ಫೋನಿಗೆ ಕಾರಣ ಹೇಳುವ ಹಂಗಿಲ್ಲ.

ಬೆಂಗಳೂರಿನವರಿಗೆ ಇದು ಹೊಸದಲ್ಲ

2021ರ ನವೆಂಬರ್ 28ರಂದು ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಮುನವ್ವರ್ ಫಾರೂಕಿ ಶೋ ಇತ್ತು. ಹಾಸ್ಯ ಮಾಡುವವರು, ರ‍್ಯಾಪ್ ಕೂಡ ಹಾಡುತ್ತಾರೆ. ಶೋ ನಿಲ್ಲಿಸಿ ಎಂದು ಪೊಲೀಸರು ಸಂಘಟಕರಿಗೆ ಪತ್ರ ಬರೆದರು. ವಿವಾದಿತ ವ್ಯಕ್ತಿ, ಕಾನೂನು ಸುವ್ಯವಸ್ಥೆಗೆ ತೊಂದರೆ ಎಂಬ ಕಾರಣ. ಶೋ ನಿಂತಿತು. 600ಕ್ಕೂ ಹೆಚ್ಚು ಟಿಕೆಟ್ ಮಾರಿದ್ದೆವು, ಬಂದ ಹಣದ ದಾನಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ ಜೊತೆ ಮೊದಲೇ ಮಾತಾಡಿದ್ದೆವು ಎಂದು ಫಾರೂಕಿ ಪೋಸ್ಟ್ ಹಾಕಿದರು. ಮುಂದಿನ ವರ್ಷ ನವೆಂಬರಿನಲ್ಲಿ ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ನಡೆಯಬೇಕಿದ್ದ ವೀರ್ ದಾಸ್ ಶೋ ಕೂಡ ದೂರು, ವಿರೋಧದ ನಡುವೆ ರದ್ದಾಯಿತು.

ಮಜಾ ಏನೆಂದರೆ ನಮ್ಮ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಗಲಾಟೆ ಮಾಡ್ತೀವಿ ಅಂತ ಯಾರೋ ಹೆದರಿಸಿದ್ದಕ್ಕೆ ಮಾತಾಡುವವನ ಬಾಯಿ ಮುಚ್ಚಿಸಬಾರದು, ಗಲಾಟೆ ತಡೆಯೋದು ಸರ್ಕಾರದ ಕೆಲಸ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಒಂದು ತಮಿಳು ಸಿನಿಮಾದ ಕೇಸಿನಲ್ಲಿ ಹೇಳಿದೆ. ಆದರೆ ಶೋ ನಿಲ್ಲೋದು ಆ ದಿನ ಸಂಜೆ. ಕೋರ್ಟಿಗೆ ಹೋಗಿ ಗೆಲ್ಲೋ ಹೊತ್ತಿಗೆ ಕುರ್ಚಿ ಎತ್ತಿಟ್ಟು, ಲೈಟು ಬಿಚ್ಚಿ, ಟಿಕೆಟ್ ದುಡ್ಡು ವಾಪಸ್ ಆಗಿರುತ್ತೆ.

2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ಅದರ ಪರ-ವಿರೋಧದ ಜಗಳವೂ ಬಹುತೇಕ 'ಯಾವ ಮಾತು ದ್ವೇಷ' ಅನ್ನೋದರ ಸುತ್ತಲೇ ನಡೆಯಿತು. ಬ್ರಿಟನ್ನಿನ ಕೇಸು ಇನ್ನೊಂದು ಪ್ರಶ್ನೆಯನ್ನೂ ಮುಂದೆ ಇಡುತ್ತೆ. ಕೇಸು ಹಾಕಲು ಯಾರ ಒಪ್ಪಿಗೆ ಬೇಕು, ಎಷ್ಟು ದಿನದೊಳಗೆ ಹಾಕಬೇಕು? ಕೇಳೋಕೆ ನೀರಸ. ಆದರೆ ಮೋ ಖಾರಾ ಕೇಸು ಬಿದ್ದುಹೋಗಿದ್ದು ಅದರಿಂದಲೇ.

ಇನ್ನು ಮುಂದೆ

ನೀಕ್ಯಾಪ್‌ಗೆ ಇದರಿಂದ ನಷ್ಟ ಆಯಿತಾ? ಪೂರ್ತಿ ಹಾಗೆ ಹೇಳೋಕಾಗಲ್ಲ. ಟ್ರಾನ್ಸ್‌ಮಿಟ್ ಕೈಬಿಟ್ಟ ಮೇಲೆ ಗ್ಲಾಸ್ಗೋದಲ್ಲೇ ಬೇರೆ ಶೋ ಇಟ್ಟರು, ಟಿಕೆಟ್ 80 ಸೆಕೆಂಡಿನಲ್ಲಿ ಖಾಲಿ ಎಂದು ತಂಡ ಹೇಳಿಕೊಂಡಿತು. ಪ್ರಧಾನಿಯೇ ಹೆಸರು ಹೇಳಿ ಬೇಡ ಅಂದರೆ ಅದಕ್ಕಿಂತ ದೊಡ್ಡ ಜಾಹೀರಾತು ಬೇರೆ ಬೇಕಾ? ಆದರೆ ಹೊರದೇಶದ ಪ್ರವಾಸ ತಪ್ಪಿದಾಗ ಹೋಗೋದು ದೊಡ್ಡ ದುಡ್ಡು.

ನಿಜವಾದ ಪೆಟ್ಟು ಬೀಳೋದು ಹೆಸರಿಲ್ಲದವರಿಗೆ. ಸಂಘಟಕ ಮುಂದಿನ ವರ್ಷದ ಪಟ್ಟಿ ಮಾಡುವಾಗ ನೀಕ್ಯಾಪ್‌ನಷ್ಟು ಟಿಕೆಟ್ ಮಾರದ, ಆದರೆ ಅಷ್ಟೇ ಬಾಯಿಬಡುಕ ಹುಡುಗನ ಹೆಸರು ಬಂದರೆ ಏನು ಮಾಡುತ್ತಾನೆ? ಸುಮ್ನೆ ಯಾಕೆ ತಲೆನೋವು ಅಂತ ಪಕ್ಕದ ಹೆಸರಿಗೆ ಹೋಗುತ್ತಾನೆ. ಅದು ರದ್ದು ಅಲ್ಲ, ಹಾಗಾಗಿ ಸುದ್ದಿಯೂ ಅಲ್ಲ. ಅದರ ಬಗ್ಗೆ ಅಭಿಮಾನಿಗಳು ಜಗಳ ಆಡೋದೂ ಇಲ್ಲ, ಯಾಕೆಂದರೆ ಅವನಿಗೆ ಇನ್ನೂ ಅಭಿಮಾನಿಗಳೇ ಇಲ್ಲ. ಬಿಬಿಸಿಯ 'ಹೆಚ್ಚು ಅಪಾಯ' ಪಟ್ಟಿಯೂ ಹಾಗೇ. ಅದರಲ್ಲಿ ಯಾರನ್ನು ಸೇರಿಸಬೇಕು ಅಂತ ನಿರ್ಧರಿಸೋದು ಕಚೇರಿಯೊಳಗೆ ಕೂತವರು.

ತಂಡದ ಕಡೆಯೂ ಒಂದು ಲೆಕ್ಕ ಬಾಕಿ ಇದೆ. ಬಾವುಟ ಎಸೆದದ್ದು ಪ್ರೇಕ್ಷಕನೇ ಇರಬಹುದು. ಮೈಕು ಮಾತ್ರ ಇವರ ಕೈಯಲ್ಲೇ ಇತ್ತು. ಗಾಜಾ ಬಗ್ಗೆ ಅವರು ಹೇಳಬೇಕೆಂದಿದ್ದ ಮಾತಿಗಿಂತ ಆ ಬಾವುಟದ ಬಗ್ಗೆಯೇ ಜಾಸ್ತಿ ಪುಟ ತುಂಬಿದವು. ಅದಕ್ಕೆ ಪೂರ್ತಿ ಹೊಣೆ ಪತ್ರಿಕೆಗಳದ್ದಲ್ಲ.

ಸೆಪ್ಟೆಂಬರ್ 18ರ ರಾತ್ರಿ ನೀಕ್ಯಾಪ್ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಹಾಡಿತು. ಅವರ ಮೇಲೆ ಕೇಸು ಹಾಕಿದ ಊರು ಅದೇ, ಕೇಸು ಆಗ ಇನ್ನೂ ಬಿದ್ದುಹೋಗಿರಲಿಲ್ಲ. ಶೋ ಏನೂ ಅಡಚಣೆ ಇಲ್ಲದೆ ಮುಗಿಯಿತು. ಮರುದಿನ ಕೆನಡಾದ ವಿಡಿಯೊ ಬಂತು. ಕೇಸೇ ಇಲ್ಲದ ಟೊರಾಂಟೊ, ವ್ಯಾಂಕೂವರ್‌ಗಳಲ್ಲಿ ಅಕ್ಟೋಬರಿನ ಟಿಕೆಟ್ ಕೊಂಡು ಕೂತಿದ್ದವರು ರೀಫಂಡ್ ಹೇಗೆ ಅಂತ ಹುಡುಕೋಕೆ ಶುರು ಮಾಡಿದರು.